ನುಣ್ಣಗಿನ ಡಬ್ಬಿ

ಬೈತಖೋಲದ ಬಾಡಿಗೆ ಕೋಣೆ. ಸ್ಟೋವಿನ ಪಕ್ಕ
ಸಾಣಿಕಟ್ಟೆಯ ಹರಳುಪ್ಪು ಕರಗಿದ ಲೋಟ,
ಒಂಬತ್ತು ವೋಲ್ಟಿನ ಬ್ಯಾಟರಿ, ಕಿವಿಗೆ ಹಾಕುವ ಹತ್ತಿಕಡ್ಡಿ,
ಮಗಳ ನೈಲ್‌ಪಾಲಿಶ್, ಕಡುಗೆಂಪು.

ಬುತ್ತಿಡಬ್ಬಿಯ ಮುಚ್ಚಳಕ್ಕೆ ಅದನ್ನೇ ಬಳಿದು, ಒಣಗಿಸಿ,
ಸೂಜಿಯಿಂದ ಗೀರುತ್ತೇನೆ.
ಮುಚ್ಚಿದ್ದು ಉಳಿಯುತ್ತದೆ, ತೆರೆದದ್ದನ್ನು ಉಪ್ಪು ತಿನ್ನುತ್ತದೆ.
ಕಾರವಾರದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ,
ನಮ್ಮ ಕಿಟಕಿಯ ಸರಳು ಕೇಳಿ, ಸೈಕಲ್ಲಿನ ಚೈನು ಕೇಳಿ.

ಕೆಂಪು ತಂತಿ ಡಬ್ಬಿಗೆ, ಕಪ್ಪು ತಂತಿ ಹತ್ತಿಗೆ.
ಚುಂಯ್ ಅನ್ನುತ್ತದೆ. ಕೊಳಕು ಹಸಿರು ನೊರೆ.
ರೋಹಿದಾಸನಿಗೆ ಅಕ್ಷರ ಬರುವುದಿಲ್ಲ;
ಹೆಸರು ಕೊರೆದರೆ ಅದು ನನ್ನ ಜಂಬವಷ್ಟೇ.
ಬಂಗಡೆ ಬರೆದೆ, ಬೆನ್ನಿನ ಪಟ್ಟೆ ಸಮೇತ.
ಥಿನ್ನರಿನಲ್ಲಿ ಒರೆಸಿ ನೋಡಿದರೆ
ಕಣ್ಣು ಮಾತ್ರ ಮೂಡಿರಲಿಲ್ಲ.
"ಒಳ್ಳೇದಾಯ್ತು, ಬಲೆ ಕಾಣೋದಿಲ್ಲ ಅದಕ್ಕೆ" ಎಂದ.

ಬೋಟಿನಲ್ಲಿ ಏಳು ಜನ,
ಏಳೂ ಒಂದೇ ಅಂಗಡಿಯ ಡಬ್ಬಿ.
ನಸುಕಿನ ಮೂರಕ್ಕೆ, ದೇವಗಡದ ದೀಪ ತಿರುಗಿಹೋದ ಕತ್ತಲಲ್ಲಿ
ಹೆಬ್ಬೆರಳು ಸವರಿಯೇ
ತನ್ನ ಅನ್ನ ತಾನು ಹುಡುಕಿಕೊಂಡನಂತೆ.

ಮರುವಾರ ಗೋಣಿಚೀಲದಲ್ಲಿ ಡಬ್ಬಿಗಳು ಬಂದವು.
ಗಂಗೊಳ್ಳಿಯ ಹುಡುಗನಿಗೆ ಏಡಿ, ಮೋಟೇಶನಿಗೆ ಲಂಗರು.
ಕುಷ್ಟನಿಗೆ ಹೆಂಡತಿಯ ಮೂಗುಬೊಟ್ಟು:
ಅದು ಅಡವಿನಲ್ಲಿದೆ, ಇಲ್ಲಾದರೂ ಇರಲಿ ಅಂದನಂತೆ.
ಎರಡು ಬ್ಯಾಟರಿ ಸತ್ತವು, ನೈಲ್‌ಪಾಲಿಶಿಗೆ ಮಗಳು ಮುನಿದಳು.

ಚುಕ್ಕಾಣಿಯ ಮುದುಕ ಸಾಂತಾ ಮಾತ್ರ
ತನ್ನದನ್ನು ಕಳಿಸಲಿಲ್ಲ.
ಕೇಳಿದ್ದಕ್ಕೆ ಹೇಳಿದನಂತೆ:
"ಆರಕ್ಕೂ ಕೊರೆದಾಯ್ತಲ್ಲ,
ನುಣ್ಣಗೆ ಕೈಗೆ ಸಿಕ್ಕಿದ್ದು ನಂದು."