ಬಾಕಿ ಚಿಲ್ಲರೆ

ಮಂಕನಹಳ್ಳಿ ದಾಟಿದ ಮೇಲೆ ರಸ್ತೆ ಪಕ್ಕ ಒಂದು ಕಲ್ಲು.
ಇತ್ತ ಬಿದ್ದ ಮಳೆ ಹೇಮಾವತಿಗೆ, ಅತ್ತ ಬಿದ್ದದ್ದು ಕುಮಾರಧಾರೆಗೆ;
ಒಂದಕ್ಕೆ ಮೂಡಲ ಕಡಲು, ಇನ್ನೊಂದಕ್ಕೆ ಪಡುವಣ.
ಹತ್ತೊಂಬತ್ತು ವರ್ಷ ಇದರ ಮುಂದೆಯೇ
ಹಾಸನ–ಸುಬ್ರಹ್ಮಣ್ಯದ ಬಸ್ಸಿನಲ್ಲಿ ಹಾದುಹೋಗಿದ್ದೇನೆ,
ತಲೆ ಬಗ್ಗಿಸಿ, ಟಿಕೆಟ್ ಹರಿಯುತ್ತ.
ಓದಿದ್ದು ಇವತ್ತು.

ಇವತ್ತು ನಡಿಗೆ, ಬಿಸಿಲೆ ಘಾಟಿಯ ಅಂಚಿನವರೆಗೆ.
ನಾನು, ಡ್ರೈವರ್ ಹಸನಬ್ಬ.
ಅವರು ಮಾರ್ಚಿಗೆ ರಿಟೈರಾದರು, ನಾನು ಮೇ ತಿಂಗಳಿಗೆ.
ನನಗೆ ಅವರ ಮುಖಕ್ಕಿಂತ ಕತ್ತಿನ ಹಿಂಭಾಗವೇ ಹೆಚ್ಚು ಪರಿಚಯ:
ಕಿವಿಯ ಹಿಂದೊಂದು ಮಚ್ಚೆ, ಕಾಲರಿಗೆ ಸಿಗಿಸಿದ ಕರ್ಚೀಫು.
ಅವರಿಗೆ ನಾನು ಗೇಣುದ್ದದ ಕನ್ನಡಿಯಲ್ಲಿ ಕುಲುಕುವ ಅರ್ಧ ಮುಖ
ಮತ್ತು ಒಂದು ಸೀಟಿ.
ಒಂದು ಊದಿದರೆ ನಿಲ್ಲು, ಎರಡಕ್ಕೆ ಹೊರಡು.
ಅಷ್ಟೇ ಭಾಷೆಯಲ್ಲಿ ಮುಗಿದುಹೋಯಿತು ಇಡೀ ಸರ್ವೀಸು.

ದಸರೆ ಕಳೆದು ಎಂಟು ದಿನ.
ಮಳೆ ತನ್ನ ಲಗೇಜು ಇಳಿಸಿಕೊಂಡು ಹೋಗಿದೆ,
ಮರೆತ ಒಂದೆರಡು ಮೋಡ ಇನ್ನೂ ಕ್ಯಾರಿಯರಿನ ಮೇಲೆ.
ಹುಲ್ಲಿನ ತುದಿಗೆ ಹಳದಿ ಹತ್ತುತ್ತಿದೆ, ಬುಡ ಹಸಿ.
ಉಂಬಳಗಳು ಮಾತ್ರ ಕ್ಯಾಲೆಂಡರ್ ನೋಡಿಲ್ಲ:
ಹಸನಬ್ಬ ನಿಂತು ನಿಂತು ಕಾಲಿಗೆ ಸುಣ್ಣ ಸವರಿಕೊಳ್ಳುತ್ತಾರೆ,
“ಇವಕ್ಕೆಲ್ಲ ಪಾಸ್ ಉಂಟಾ ಮಾರಾಯ್ತಿ?”

ನಡೆಯುವಾಗಲೂ ಅವರದು ಘಾಟಿಯ ಚಾಳಿ.
ತಿರುವು ಬಂದರೆ ಗಂಟಲಲ್ಲೊಂದು ಹಾರ್ನು,
ಎಡಕ್ಕೆ ಸರಿದು, ಯಾರೂ ಇಲ್ಲದ ರಸ್ತೆಗೆ ದಾರಿ ಬಿಡುತ್ತಾರೆ.
ನನ್ನದು ನನ್ನ ಚಾಳಿ: ಹಿಂದೆ ತಿರುಗಿ ಎಣಿಸುತ್ತೇನೆ,
ಯಾರಾದರೂ ಉಳಿದರೇ ಎಂದು.
ಮರಗಳು. ಒಂದು ಕೆಂದಳಿಲು.
ಹಾಳುಬಿದ್ದ ಷೆಲ್ಟರಿನ ಗೋಡೆಗೆ ಅರ್ಧ ಅಳಿಸಿದ ಓಟಿನ ಗುರುತು.
ಒಂದು ಗಂಟೆಗೆ ಮಂಡಿ ಮಾತಾಡಿತು. ಮೋರಿಕಟ್ಟೆ ಮೇಲೆ ಕೂತು
ಅವರು ತಂದ ನೀರುದೋಸೆ, ನಾನು ತಂದ ಹುಚ್ಚೆಳ್ಳು ಚಟ್ನಿ.
ಒಂದಕ್ಕೊಂದು ಹೊಂದಲಿಲ್ಲ. ತಿಂದೆವು.

ವ್ಯೂ ಪಾಯಿಂಟ್ ಬಂದಾಗ ಮೂರೂವರೆ.
ಇಲ್ಲಿ ನಮ್ಮ ಬಸ್ಸು ನಿಲ್ಲುತ್ತಿತ್ತು, ಎರಡು ನಿಮಿಷ,
ವಾಂತಿ ಮಾಡುವವರಿಗಾಗಿ.
ನಾನು ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ,
ಅವರು ಕ್ಲಚ್ಚಿನ ಮೇಲೆ ಕಾಲಿಟ್ಟು ಒಳಗೆ.
ಬೆನ್ನ ಹಿಂದೆ ಇಷ್ಟೊಂದು ಇತ್ತೆಂದು ಯಾರೂ ಹೇಳಿರಲಿಲ್ಲ:
ಕುಮಾರಪರ್ವತ, ಅದರಾಚೆ ಹೆಸರು ಗೊತ್ತಿಲ್ಲದ ನೀಲಿ,
ಅದರಾಚೆ ನೀಲಿ ಅನ್ನಲೂ ಸಂಕೋಚವಾಗುವಷ್ಟು ತೆಳು.
ಕೆಳಗೆ ಕಾಡು, ಒಗೆದು ಹಿಂಡದೆ ಗುಡ್ಡೆ ಹಾಕಿದ ಬಟ್ಟೆಯ ಹಾಗೆ.
ಆಳದಲ್ಲೆಲ್ಲೋ ಗಿರಿಹೊಳೆ
ಗೇರು ಬದಲಿಸದೆ ಇಳಿಯುತ್ತಿರುವ ಸದ್ದು.

“ಇಷ್ಟು ವರ್ಷ ಎಂತ ನೋಡಿದ್ದು ನಾವು?”
“ನೀವು ರಸ್ತೆ. ನಾನು ಚಿಲ್ಲರೆ.”
ಅವರು ನಗಲಿಲ್ಲ.
ಹಾಸನದ ಮನೆಯ ಬೀಗದ ಕೈ ನಿನ್ನೆಯೇ ಓನರಿಗೆ ಕೊಟ್ಟಾಗಿದೆ;
ಇನ್ನು ಉಪ್ಪಿನಂಗಡಿ, ಮಗಳ ಮನೆ.
ಬೆಳಿಗ್ಗೆ ಆ ಕಲ್ಲಿನ ಹತ್ತಿರ ಹೇಳಿದ್ದರು,
ಶೂ ಲೇಸು ಕಟ್ಟುತ್ತ, ನನ್ನತ್ತ ನೋಡದೆ.

ಐದಕ್ಕೆ ಇಳಿಯುವ ಬಸ್ಸು ಬಂತು.
ಕಾಲು ಡ್ರೈವರ್ ಬಾಗಿಲಿಗೇ ಹೊರಟಿತ್ತು, ತಿದ್ದಿಕೊಂಡರು.
ಎಳೇ ಕಂಡಕ್ಟರ್, ಮೀಸೆ ಈಚಿನದು,
“ಚಿಲ್ಲರೆ ಇಲ್ಲ ಅಜ್ಜ” ಎಂದು ಟಿಕೆಟ್ಟಿನ ಹಿಂದೆ ಗೀಚಿದ.
ಹಸನಬ್ಬ ಕಿಟಕಿಯಿಂದ ಕೈ ಹೊರಗೆ ಹಾಕಿ
(ಹಾಕಬೇಡಿ ಎಂದು ಎಷ್ಟು ಜನಕ್ಕೆ ಗದರಿದವರು!)
ನನಗೆ ತೋರಿಸಿದರು: ಬಾಕಿ ೭.
ಡಿಪೋಗೆ ಒಪ್ಪಿಸದೆ ಉಳಿಸಿಕೊಂಡ ಸೀಟಿ ಚೀಲದ ತಳದಲ್ಲಿತ್ತು.
ಆ ಹುಡುಗ ಊದುವ ಮೊದಲೇ ಊದಿದೆ.
ಒಂದೇ ಸಲ.
ನಿಂತೇ ಇದ್ದ ಬಸ್ಸು ಇನ್ನೂ ನಿಂತಿತು. ಎಲ್ಲರೂ ನನ್ನತ್ತ ತಿರುಗಿದರು;
ಹಸನಬ್ಬ ಸೀಟಿನಿಂದ ಅರ್ಧ ಎದ್ದಿದ್ದರು.
ಆಮೇಲೆ ಇನ್ನೆರಡು.

ನನ್ನ ಬಸ್ಸು ಆರೂವರೆಗೆ.
ಹೆಂಗಸರಿಗೆ ಪುಕ್ಕಟೆ; ಶೂನ್ಯ ರೂಪಾಯಿಯ ಟಿಕೆಟ್ ಕೈಗೆ ಬಂತು.
ಮುಂದಿನ ಸೀಟಿನ ಮಗುವಿಗೆ ತಡೆಯಲಿಲ್ಲ,
ಕಲ್ಲಿನ ಹತ್ತಿರವೇ ನಿಲ್ಲಿಸಿದರು.
ಬಾಟಲಿ ಹಿಡಿದು ನಾನೂ ಇಳಿದೆ, ಅಭ್ಯಾಸ.
ಬಾಯಿ ತೊಳೆಸಿದೆ, ಬೆನ್ನು ನೀವಿದೆ.
ಉಳಿದ ನೀರು ಚೆಲ್ಲಿದೆ.
ಕತ್ತಲಾಗಿತ್ತು,
ಯಾವ ಕಡೆಗೆ ಹೋಯಿತೋ ಕಾಣಲಿಲ್ಲ.