ಬಿಗಿ

ತಾರ್ತುವಿನಲ್ಲಿ ಮಾರ್ಚ್. ಕಿಟಕಿಯಾಚೆ
ಎಮಾಯೊಗಿ, ಅಂದರೆ ತಾಯಿಹೊಳೆ,
ಅರ್ಧ ಹೆಪ್ಪುಗಟ್ಟಿದೆ, ಅರ್ಧ ಮನಸ್ಸು ಬದಲಿಸಿದೆ.
ಮೈಮು ಕೋಣೆಯ ದೀಪ ಆರಿಸಿ
ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾಳೆ.

ಬಣ್ಣ ಕುಡಿದ ಯೀಸ್ಟ್ ಕೋಶಗಳು
ನೀಲಿಯಾಗಿ ಹೊತ್ತಿಕೊಂಡಿವೆ.
ಒಂದರ ಮೈತುಂಬ ಬಳೆಬಳೆ ಗುರುತು.
ಎಣಿಸುತ್ತಾಳೆ: ಹನ್ನೊಂದು.
ಹನ್ನೊಂದು ಸಲ ಹೆತ್ತವಳು.
ನಮ್ಮಲ್ಲಿ ಹೊಕ್ಕುಳು ಮಗುವಿನ ಪಾಲು;
ಇಲ್ಲಿ ತಾಯಿಯ ಮೇಲೆ ಎದ್ದು ಕಾಣುತ್ತದೆ,
ಮಗಳ ಮೇಲೆ ಇದ್ದೂ ಇಲ್ಲದಂಥ ಮಸುಕು.

ಗೋಡೆಯೇನು ಇಟ್ಟಿಗೆಯದಲ್ಲ, ನೂಲಿನದು.
ಸಕ್ಕರೆಯನ್ನೇ ಎಳೆ ತೆಗೆದು
ಎಳೆಗೆ ಎಳೆ ಹೆಣೆದು
ಮೇಲೊಂದು ಪ್ರೋಟೀನಿನ ತುಪ್ಪಳ.
ಒಳಗಿನ ನೀರು ಹೊರಕ್ಕೆ ಒದೆಯುತ್ತದೆ,
ಹೊರಗಿನ ನೂಲು ಬಿಡುವುದಿಲ್ಲ.
ಈ ಜಗಳಕ್ಕೇ ದುಂಡು ಎಂದು ಹೆಸರು.

ಮೊಗ್ಗು ಮೂಡುವಲ್ಲಿ ಗೋಡೆ ಕತ್ತರಿಸಬೇಕು,
ಕತ್ತರಿಸುತ್ತಲೇ ಹೆಣೆಯಬೇಕು.
ಕತ್ತರಿ ತುಸು ಮುಂದಾದರೆ ಮನೆಯೇ ಸಿಡಿಯಿತು,
ಸೂಜಿ ಮುಂದಾದರೆ
ಮಗಳೇ ಇಲ್ಲ.

ಸಾರೆಮಾ ದ್ವೀಪದಿಂದ ತಮ್ಮನ ಫೋನು.
ಕಾಲ್ಯು. ಅವನ ಹೆಸರಿಗೇ ಬಂಡೆ ಎಂದರ್ಥ.
"ಅಕ್ಕಾ, ಕುರಿ ಹಟ್ಟಿಯ ಕಲ್ಲುಗೋಡೆ ಮತ್ತೆ ಉರುಳಿತು.
ಹಿಮ ಕರಗಿತಲ್ಲ, ನೆಲ ಮಗ್ಗುಲು ಬದಲಿಸಿತು."
ಗಾರೆ ಕಾಣದ ಗೋಡೆ ಅದು;
ಅಜ್ಜ ಇಟ್ಟ ಕಲ್ಲು ಯಾವುದು, ಇವನದು ಯಾವುದು,
ಗೋಡೆಗೇ ಗೊತ್ತಿಲ್ಲ.
"ನನ್ನವನ್ನು ನಾನೇ ಕೆಡವಿದೆ ಇವತ್ತು."
ಅವನು ನಗುತ್ತಾನೆ. ಅರ್ಥವಾಗಿಲ್ಲ.

ಬೆಳಿಗ್ಗೆ ಬೆರೆಸಿದ ಕಿಣ್ವ
ಗೋಡೆಗಳನ್ನು ಮೇಯ್ದು ಮುಗಿಸಿದೆ.
ಬೆತ್ತಲೆ ಜೀವಗಳು, ಬರಿಯ ಹನಿಗಳು,
ಸಿಹಿ ದ್ರವದಲ್ಲಿ ಉಸಿರು ಬಿಗಿಹಿಡಿದಿವೆ.
ತಿಳಿನೀರು ಸೋಕಿದರೆ ಸಾಕು, ಒಡೆದವು.
ನೀರಿನಿಂದಲೇ ಸಾಯುವಂಥ ಬಾಯಾರಿಕೆ.

ತೇಲಬಿಟ್ಟರೂ ನೂಲುತ್ತವೆ, ಪಾಪ,
ನೂತದ್ದೆಲ್ಲ ಬಲೆಯಾಗಿಯೇ ಉಳಿಯುತ್ತದೆ.
ಅದಕ್ಕೇ ಮೈಮು ಅಗರ್ ಆರುವುದನ್ನು ಕಾಯುತ್ತಾಳೆ,
ಶೀಸೆಯನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ,
ಮತ್ತೊಮ್ಮೆ ಒತ್ತಿ,
ಅದರೊಳಗೆ ಅವನ್ನು ಸುರಿಯುತ್ತಾಳೆ.
ಸುತ್ತಲಿಂದ ಏನಾದರೂ ಅದುಮಿ ಹಿಡಿದರೆ
ಗೋಡೆ ಕೂಡಿಕೊಳ್ಳುತ್ತದೆ, ಮೊದಮೊದಲು ಸೊಟ್ಟ.

ಮುಚ್ಚಳದ ಮೇಲೆ ತಾರೀಖು,
ಮೂವತ್ತು ಡಿಗ್ರಿಯ ಕಪಾಟು, ಬಾಗಿಲು.
ಕೋಟಿನ ನಡುಗುಂಡಿ ಈ ಚಳಿಗಾಲದಿಂದ ಕೂಡುತ್ತಿಲ್ಲ.
ಎರಡು ಸಲ ಎಳೆದು ನೋಡಿ, ಹಾಗೇ ಬಿಟ್ಟು
ಮೆಟ್ಟಿಲು ಇಳಿಯುತ್ತಾಳೆ.