ಹಿಂದಿನ ಗಾಲಿ

ಮೊದಲು ಸೊಂಟಕ್ಕೆ ಗೊತ್ತಾಯಿತು,
ಕಿವಿಗೆ ಆಮೇಲೆ.
ಗಾಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಲ ಒದರಿತು.
ಇಳಿದು ನೋಡಿದರೆ ಹಿಂದಿನ ಟಯರು
ನೆಲಕ್ಕಂಟಿದ ರೊಟ್ಟಿ.

ಗೋಬಿಯ ಈ ಅಂಚಿನಲ್ಲಿ ದಾರಿ ಅಂತ ಒಂದಿಲ್ಲ,
ಹನ್ನೊಂದಿವೆ. ಒಂದರ ಪಕ್ಕ ಒಂದು,
ಯಾರಿಗೆ ಎಲ್ಲಿ ಸರಿ ಕಂಡಿತೋ ಅಲ್ಲಿ.
ಯಾವುದರಲ್ಲೂ ಯಾರೂ ಇಲ್ಲ.
ಮನೆಗಿನ್ನೂ ಮೂವತ್ತೆಂಟು ಕಿಲೋಮೀಟರು
(ಮೀಟರು ಕೆಟ್ಟು ಆರು ವರ್ಷ; ಇದು ಗೊನ್‌ಚಿಗ್ ಹೇಳುವ ಲೆಕ್ಕ,
ಅವನು ಯಾವಾಗಲೂ ಕಡಿಮೆ ಹೇಳುತ್ತಾನೆ).

ಚೀಲ ಬಿಚ್ಚಿದೆ.
ಇಕ್ಕಳ, ಕತ್ತರಿ, ಹೊಕ್ಕುಳಬಳ್ಳಿಗೆ ಕಟ್ಟುವ ದಾರ,
ಅರ್ಧ ಬಾಟಲಿ ಅಯೋಡಿನ್.
ಇದಲ್ಲ, ಇನ್ನೊಂದು ಚೀಲ.
ಟಯರು ಎಬ್ಬಿಸುವ ಎರಡು ಪಟ್ಟಿ, ಪಂಪು,
ಒಂದೇ ಒಂದು ಪ್ಯಾಚು,
ಸಲ್ಯೂಷನ್ನು ಒತ್ತಿದರೆ ಬರೀ ಒಣಕೆಮ್ಮು.

ಅಪ್ಪ ಹೇಳಿಕೊಟ್ಟದ್ದು: ಮೊದಲು ಚಹಾ, ಆಮೇಲೆ ಗಾಲಿ.
ಸಿಟ್ಟಿನ ಕೈ ಇನ್ನೊಂದು ತೂತು ಮಾಡುತ್ತದೆ.
ಫ್ಲಾಸ್ಕಿನಲ್ಲಿದ್ದ ಉಪ್ಪುಚಹಾ ಎರಡು ಗುಟುಕು
ಕುಡಿದೆ. ಸಿಟ್ಟು ಹೋಗಲಿಲ್ಲ.

ಟ್ಯೂಬು ಎಳೆದು, ಗಾಳಿ ತುಂಬಿ, ತೂತು ಹುಡುಕಿದೆ.
ಮುಳುಗಿಸಿ ನೋಡಲು ನೀರೆಲ್ಲಿ?
ಈ ಬಯಲಗಾಳಿಯ ಬೊಬ್ಬೆಯಲ್ಲಿ
ಟ್ಯೂಬಿನ ಪಿಸುಮಾತು ಯಾವ ಕಿವಿಗೆ ಕೇಳೀತು?
ಉಗುಳು ಸವರಿದ ತುಟಿ ಹತ್ತಿರ ತಂದೆ, ಆಮೇಲೆ ಕೆನ್ನೆ,
ಇಂಚಿಂಚು ತಿರುಗಿಸುತ್ತ, ಕಣ್ಣುಮುಚ್ಚಿ.

ಆಗ ನೆನಪಾಯಿತು ಕೆನ್ನೆಗೆ.

ಇವತ್ತೇ ನಸುಕಿನಲ್ಲಿ, ಉಂದ್ರಾಖಳ ಗುಡಾರದಲ್ಲಿ
ಹುಟ್ಟಿದ್ದು ನೀಲಿಯಾಗಿತ್ತು. ಅಳಲಿಲ್ಲ.
ಬೆನ್ನು ತಿಕ್ಕಿದೆ, ಅಂಗಾಲಿಗೆ ಬೆರಳು ಮೀಟಿದೆ,
ಬಾಯೊಳಗಿನ ಲೋಳೆ ತೆಗೆದೆ,
ಮೂಗಿನ ಹತ್ತಿರ ಇದೇ ಕೆನ್ನೆಯಿಟ್ಟು ಕಾದೆ.
ಒಲೆಯಲ್ಲಿ ಸಗಣಿಯ ಕೆಂಡ ಚಟ್ಟೆಂದಿತು.
ಅಜ್ಜಿಯ ಜಪಮಣಿ ಬೆರಳಲ್ಲೇ ನಿಂತಿತ್ತು.
ಆಮೇಲೆ
ಹೂಂ ಅಂತಲ್ಲ, ಹಾ ಅಂತಲೂ ಅಲ್ಲ,
ತುಂಬ ದೂರದಲ್ಲಿ ಯಾರೋ ಬಾಗಿಲು ಸರಿಸಿದಷ್ಟು ಗಾಳಿ.

ಈಗ ಅಷ್ಟೇ ಗಾಳಿ, ಅಷ್ಟೇ ತೆಳು,
ವಾಲ್ವಿನಿಂದ ನಾಲ್ಕು ಬೆರಳು ಆಚೆ.
ಅಲ್ಲಿ ಬಾ ಎಂದು ಬೇಡಿದ್ದನ್ನು
ಇಲ್ಲಿ ನಿಲ್ಲೆಂದು ಹೆಬ್ಬೆರಳಲ್ಲಿ ಒತ್ತಿದೆ.

ನಾಟಿದ್ದು ಮೊಳೆಯಲ್ಲ, ಎಲುಬಿನ ಚೂರು.
ಕುರಿಯದು, ಪಕ್ಕೆಲುಬು, ವಯಸ್ಸಾದ ಕುರಿ.
ಇಷ್ಟು ಹೇಳಬಲ್ಲೆ. ಓದಿದ್ದು ದಂಡವಾಗಿಲ್ಲ.

ಅಂಟಿಲ್ಲದ ಪ್ಯಾಚು ಉದುರಿತು.
ಗಾಯಕ್ಕೆ ಹಚ್ಚುವ ಪ್ಲಾಸ್ಟರು ಸುತ್ತಿದೆ, ಮೂರು ಸುತ್ತು;
ಹನ್ನೆರಡನೇ ಸಲ ಪಂಪು ಒತ್ತುವಾಗ
ಬಾವು ಬಂದಂತೆ ಉಬ್ಬಿ ಬಿಟ್ಟುಕೊಂಡಿತು.

ಹೊತ್ತು ಇಳಿಯುವಾಗ ಗೊನ್‌ಚಿಗ್ ಬಂದ,
ಟ್ಯಾಂಕಿನ ಮೇಲೆ ಅಡ್ಡ ಮಲಗಿಸಿದ ಕುರಿಯ ಸಮೇತ.
ಇಂಜಿನ್ನು ಆರಿಸಲಿಲ್ಲ, ಆರಿಸಿದರೆ ಮತ್ತೆ ಹತ್ತದು.
ಪ್ಲಾಸ್ಟರು ನೋಡಿದ. ನನ್ನನ್ನು ನೋಡಿದ.
“ಜ್ವರ ಎಷ್ಟಿದೆಯಂತೆ, ದೊಲ್ಜಿನ್?” ಅಂದ.

ಅವನ ಹತ್ತಿರವೂ ಅಂಟಿಲ್ಲ. ಚಾಕು ಇತ್ತು.
ತಗ್ಗಿನಲ್ಲಿ ಎದೆಯೆತ್ತರದ ಡೆರಸು ಹುಲ್ಲು.
ಕೊಯ್ದು, ಹೊಸೆದು,
ಟ್ಯೂಬಿರಬೇಕಾದಲ್ಲಿ ತುರುಕಿದೆವು,
ದಿಂಬಿಗೆ ಉಣ್ಣೆ ಜಡಿಯುವ ಹಾಗೆ, ಇನ್ನಷ್ಟು, ಇನ್ನೂ ಅಷ್ಟು.
ಕೈತುಂಬ ಗೀರು. ಅಯೋಡಿನ್ ಈಗ ಕೆಲಸಕ್ಕೆ ಬಂತು.

ಆಮೇಲಿನ ಸವಾರಿ ಒಂದನೇ ಗೇರಿನಲ್ಲಿ,
ಅವನು ಆ ದಾರಿಯಲ್ಲಿ, ನಾನು ಈ ದಾರಿಯಲ್ಲಿ,
ಕುರಿ ನಡುನಡುವೆ ತನ್ನ ಅಭಿಪ್ರಾಯ ಹೇಳುತ್ತ.
ಗಾಡಿಗೆ ಕುಂಟು ಒಂಟೆಯ ನಡೆ.
ಬಿಸಿಯಾದ ಹುಲ್ಲಿನ ವಾಸನೆ ಬೆನ್ನಿಗೇ ಬಂತು;
ಬಾವಿಯ ಬಳಿ ಕುದುರೆಗಳು ಕತ್ತಲಲ್ಲಿ ತಲೆಯೆತ್ತಿ
ನಾಲ್ಕು ಹೆಜ್ಜೆ ನಮ್ಮ ಕಡೆಗೆ ನಡೆದವು.

ದಿಣ್ಣೆಯ ಮೇಲೆ ಒಂದು ಗಳಿಗೆ ಸಿಗ್ನಲ್ಲು.
ಉಂದ್ರಾಖಳ ಗಂಡ ಬರೆದಿದ್ದ: ಹಾಲು ಕುಡಿಯಿತು.
ಹೆಸರು ನೆರ್ಗುಯ್.
ಹೆಸರಿಲ್ಲದವನು ಅಂತ. ಕೆಟ್ಟದ್ದು ಹುಡುಕಿ ಬಂದರೂ
ಕೂಗಿ ಕರೆಯಲು ಏನೂ ಸಿಗಬಾರದಲ್ಲ.
ಗೊನ್‌ಚಿಗ್‌ಗೆ ಓದಿ ಹೇಳಿದೆ.
“ಒಳ್ಳೆ ಹೆಸರು” ಅಂದು
ಕುರಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ.

ತಲುಪಿದ್ದು ಎಷ್ಟು ಹೊತ್ತಿಗೋ. ಬೂಟು ಬಿಚ್ಚಿದ ನೆನಪಿಲ್ಲ.
ಬೆಳಿಗ್ಗೆ ಹೊರಗೇನೋ ಸದ್ದು:
ಬಿಳಿ ಮೇಕೆ ರಿಮ್ಮಿನ ಸಂದಿಗೆ ಮೂತಿಯಿಟ್ಟು
ನನ್ನ ಮೂವತ್ತೆಂಟು ಕಿಲೋಮೀಟರನ್ನು
ಎಳೆಯೆಳೆಯಾಗಿ ಜಗಿಯುತ್ತಿತ್ತು.